ಹಳ್ಳಿಯ ಗಾದೆಗೆ ಕಿವಿಗೊಟ್ಟ ಕಿಟ್ಟೆಲ್ ಅಯ್ಯನವರು

ಹೊಲ ಉಳುವಾಗಲೂ ರಾಗಿ ಬೀಸುವಾಗಲೂ ನಮ್ಮ ಹಿರಿಯರ ಬಾಯಿಂದ ಹೊರಡುವ ಗಾದೆಗಳನ್ನು ಓದುಬರಹ ಬಲ್ಲವರು ಬಹು ಕಾಲ ಒರಟು ಮಾತೆಂದು ಎಣಿಸಿ ಬಿಟ್ಟುಬಿಟ್ಟಿದ್ದರು. ಅವುಗಳನ್ನು ಹೆಕ್ಕಿ ತೆಗೆದು, ಹಳಗನ್ನಡ ಕವಿಗಳ ಮಾತಿನ ಪಕ್ಕದಲ್ಲಿಯೇ ಕುಳ್ಳಿರಿಸಿದ ಒಬ್ಬ ಪರದೇಶದವರ ಜೀವಿತವನ್ನು ಇಲ್ಲಿ ಬರೆಯುತ್ತೇವೆ.

ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರು 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯಲ್ಲಿರುವ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಒಬ್ಬ ಬೋಧಕರ ಮಗನಾಗಿ ಹುಟ್ಟಿದರು. ಬಾಸೆಲ್ ಮಿಶನಿನ ಪಾಠಶಾಲೆಯಲ್ಲಿ ಕಲಿತು, 1853ರಲ್ಲಿ ತಮ್ಮ 21ನೆಯ ವಯಸ್ಸಿನಲ್ಲಿ ಈ ದೇಶಕ್ಕೆ ಬಂದರು.

ಯೆಹೂದ್ಯರಿಗೆ ಯೆಹೂದ್ಯನಂತೆ ಆದೆನೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಈ ಯೌವನಸ್ಥರು ಅಕ್ಷರಶಃ ಹಿಡಿದುಕೊಂಡರು. ಈ ದೇಶದವರಿಗೆ ತಾವೂ ಈ ದೇಶದವರೇ ಆಗಬೇಕೆಂಬ ಹಂಬಲದಿಂದ ಮಿಶನ್ ಬಂಗಲೆಯ ಬಾಳನ್ನು ಸಾಕೆನಿಸಿಕೊಂಡು, ಹಳ್ಳಿಯಿಂದ ಹಳ್ಳಿಗೆ ಕಾಲುನಡಿಗೆಯಲ್ಲಿ ತಿರುಗಿ ಜನರ ನಡುವೆ ಇರತೊಡಗಿದರು. ಮಿಶನಿನ ಹಿರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಗದರಿಕೆ ಬಂತು, ಅವರು ಹಿಡಿದ ದಾರಿ ಮುಚ್ಚಿಹೋಯಿತು. ಜನರನ್ನು ಸಭೆಗೆ ಕೂಡಿಸುವ ಕೆಲಸದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಫಲವೂ ಸಿಕ್ಕಲಿಲ್ಲ. ಆ ಕಾಲದವರ ಲೆಕ್ಕದಲ್ಲಿ ಅವರು ಸೋತ ಸೇವಕರೇ. ಹಿರಿಯರಿಗೆ ಕೆಟ್ಟ ಮನಸ್ಸಿತ್ತೆಂದು ನಾವು ಹೇಳುವುದಿಲ್ಲ. ಕಟ್ಟಳೆ ಇಲ್ಲದೆ ಸಂಘ ನಡೆಯುವುದೂ ಕಷ್ಟವೇ. ಆದರೂ ಆ ತರುಣರ ಎದೆಯಲ್ಲಿ ಎಂಥ ನೋವು ಉಂಟಾಗಿರಬೇಕು!

ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಅವರು ಕೆಲಸ ಮಾಡಿದರು. 1860ರಲ್ಲಿ ಮದುವೆಯಾದ ಪೌಲಿನಾ ಅಮ್ಮನವರು 1864ರಲ್ಲಿಯೇ ತೀರಿಕೊಂಡರು. ಮೂರು ವರುಷದ ಮೇಲೆ ಆಕೆಯ ತಂಗಿ ಯೂಲಿಯಾ ಅಮ್ಮನವರನ್ನು ಮದುವೆಮಾಡಿಕೊಂಡರು. ಈ ನಡುವೆ ಕರ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆ 1862ರಲ್ಲಿ ಹೊರಬಂತು. ಆಮೇಲೆ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ತಿದ್ದಿ ಅಚ್ಚುಹಾಕಿಸಿದರು.

ಎಲ್ಲಕ್ಕಿಂತ ದೊಡ್ಡ ಕೆಲಸ ನಿಘಂಟಿನದು. ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ಕೋಶ ಅದಕ್ಕೂ ಮುಂಚೆ ಇಲ್ಲದಿರಲಿಲ್ಲ; ಬಳ್ಳಾರಿಯಲ್ಲಿದ್ದ ರೀವ್ ಅಯ್ಯನವರ ಕೋಶವು ಕಿಟ್ಟೆಲರು ಹುಟ್ಟಿದ ವರುಷದಲ್ಲಿಯೇ ಅಚ್ಚಾಗಿತ್ತು. ಕಿಟ್ಟೆಲರಾದರೋ ಓಲೆಗರಿಗಳನ್ನು ಓದಿದ್ದು ಸಾಲದೆಂದು ಬಾಯಿಮಾತಿಗೂ ಕಿವಿಗೊಟ್ಟರು. ಪಂಡಿತರಾದ ಕನ್ನಡಿಗರ ಸಹಾಯವನ್ನು ಪಡೆದರು. ಧಾರವಾಡದ ಕಡೆಯ ಮಾತಿಗೆ ಒಂದು ಗುರುತು, ಮೈಸೂರು ಸೀಮೆಯ ಮಾತಿಗೆ ಮತ್ತೊಂದು ಗುರುತು, ಗಾದೆಗೆ ಬೇರೊಂದು ಗುರುತು ಹಾಕಿದರು. ಒಂದು ಶಬ್ದದ ಅರ್ಥವನ್ನು ತೋರಿಸಬೇಕಾದಾಗ ಕವಿಯ ಪದ್ಯವನ್ನು ಕರೆದಂತೆಯೇ ರೈತನ ಗಾದೆಯನ್ನೂ ಸಾಕ್ಷಿಗೆ ಕರೆದರು. ಇದು ಚಿಕ್ಕ ಸಂಗತಿಯಲ್ಲ. ಕೈಯ ಕೆಸರನ್ನೂ ಬಾಯಿಯ ಮೊಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ದುಡಿಮೆಯ ಗುಟ್ಟನ್ನು ತಿಳಿಸುವ ಮಾತನ್ನಾಗಲಿ, ಹಾಸಿಗೆಯ ಉದ್ದ ನೋಡಿ ಕಾಲು ಚಾಚಲು ಕಲಿಸುವ ಮಾತನ್ನಾಗಲಿ ಕಟ್ಟಿದವರು ಯಾವ ಮಠದಲ್ಲಿಯೂ ಓದಿದವರಲ್ಲ. ಸಾಲ, ಬರ, ಸೊಸೆ-ಅತ್ತೆಯರ ಜಗಳ, ಮುದುಕರ ಒಂಟಿತನ, ಇವುಗಳೊಳಗೆ ಬಾಳಿ ಬೆಂದು ಕಂಡುಕೊಂಡ ಜ್ಞಾನ ಅದು. ಅಂಥ ಮಾತನ್ನು ತಿದ್ದಿ ನಯಗೊಳಿಸಿದರೆ ಅದರ ಸತ್ವವೇ ಹೋಗುತ್ತದೆ. ನಯವಾದ ಸಂಸ್ಕೃತ ಪದಗಳಲ್ಲಿ ಅದೇ ಬುದ್ಧಿಯನ್ನು ಹೇಳಿದರೆ ಯಾರ ಮನಸ್ಸಿನಲ್ಲಿ ನಿಂತೀತು? ತಮಿಳು, ತೆಲುಗು, ಮಲಯಾಳ, ತುಳುಗಳೊಡನೆ ಹೋಲಿಸಿ, ಕನ್ನಡದ ಸ್ವಂತ ಮಾತುಗಳ ಬೇರನ್ನೂ ಅವರು ತೋರಿಸಿಕೊಟ್ಟರು. ಸಂಸ್ಕೃತವೇ ನಮ್ಮ ಕಡೆಯ ಭಾಷೆಗಳಿಂದ ಎರವು ತೆಗೆದುಕೊಂಡವೆಂದು ತಾವು ತಿಳಿದ ಶಬ್ದಗಳ ಪಟ್ಟಿಯನ್ನು ಕೂಡ ಮುನ್ನುಡಿಯಲ್ಲಿ ಕೊಟ್ಟರು.

1877ರಲ್ಲಿ ಸ್ವದೇಶಕ್ಕೆ ಹೋದವರು ಈ ಕೆಲಸಕ್ಕಾಗಿಯೇ 1883ರಲ್ಲಿ ತಿರಿಗಿ ಬಂದು, ಒಂಬತ್ತು ವರುಷ ದುಡಿದು, 1892ರಲ್ಲಿ ಕಡೆಯ ಸಾರಿ ಕನ್ನಡನಾಡನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಶಬ್ದಗಳುಳ್ಳ, 1,752 ಪುಟಗಳ ನಿಘಂಟು ಹೊರಬಂತು. ಅರ್ಥವೆಲ್ಲಾ ಇಂಗ್ಲಿಷಿನಲ್ಲಿದ್ದುದರಿಂದ, ಗಾದೆಗಳನ್ನು ಕೊಟ್ಟ ಹಳ್ಳಿಯವರಿಗೆ ಅದನ್ನು ಓದುವುದಕ್ಕಾಗಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲವೆನ್ನಿ, ಮಾತು ಅವರ ಬಾಯಿಯಲ್ಲಿಯೇ ಇತ್ತಷ್ಟೆ.

1896ರಲ್ಲಿ ತ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕನ್ನಡ ವ್ಯಾಕರಣವನ್ನು ಬರೆದು 1903ರಲ್ಲಿ ಪ್ರಕಟಿಸಿದರು. ಅದೇ ವರುಷ ಡಿಸೆಂಬರ್ ತಿಂಗಳಲ್ಲಿ ತ್ಯೂಬಿಂಗನ್ನಿನಲ್ಲಿಯೇ ನಿದ್ರೆಹೋದರು. ಮದ್ರಾಸ್ ವಿಶ್ವವಿದ್ಯಾಲಯದವರು ನಿಘಂಟನ್ನು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮತ್ತೆ ಅಚ್ಚುಹಾಕಿಸಿದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಉಂಟು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ, ಮೇಯೋ ಹಾಲಿನ ಬಳಿ, ಕನ್ನಡಿಗರು ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ.