ಗಾಯಕಿ ಗೌಹರ್ ಜಾನ್

ಮೈಸೂರು ಆಸ್ಥಾನದ ಸಂಗೀತಗಾರರನ್ನು ಎಣಿಸುವಾಗ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಮೊದಲಾದ ಮಹನೀಯರನ್ನು ನಾವು ತಪ್ಪದೆ ಸ್ಮರಿಸುತ್ತೇವೆ. ಅದೇ ಆಸ್ಥಾನದಲ್ಲಿ ಸುಮಾರು ಒಂದೂವರೆ ವರ್ಷ ಸಂಬಳ ಪಡೆದು, ಅದೇ ಊರಿನಲ್ಲಿ 1930ರ ಜನವರಿ 17ರಂದು ಕಣ್ಣು ಮುಚ್ಚಿದ ಕಲಕತ್ತೆಯ ಗಾಯಕಿ ಗೌಹರ್ ಜಾನಳ ಹೆಸರು ಆ ಸಾಲಿನಲ್ಲಿ ಬರುವುದು ಅಪರೂಪ. ಆದರೆ ಭರತಖಂಡದಲ್ಲಿ ಗ್ರಾಮಾಫೋನ್ ತಟ್ಟೆಗೆ ಮಾನ ತಂದುಕೊಟ್ಟ ಕಂಠ ಯಾವುದೆಂದು ಕೇಳಿದರೆ ಮೊದಲು ಹೇಳಬೇಕಾದುದು ಆಕೆಯ ಹೆಸರನ್ನೇ.

ಗಡಿನಾಡಿನ ಕನ್ನಡ ಸಂಘದ ಸಂಚಿಕೆಯಲ್ಲಿ ಉರ್ದು, ಹಿಂದುಸ್ತಾನಿ ಹಾಡಿದವಳ ಚರಿತ್ರೆ ಏಕೆಂದು ಕೆಲವು ವಾಚಕರು ಕೇಳಬಹುದು. ನಮ್ಮ ನಾರಾಯಣಖೇಡ ತಾಲೂಕು 1956ರವರೆಗೆ ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನಿಜಾಮರ ಕಾಲದ ಕಚೇರಿಯಲ್ಲಿ ಉರ್ದು, ಭಜನೆಯ ಪದಗಳಲ್ಲಿ ಮರಾಠಿ, ಹೀಗೆ ನಮ್ಮ ಹಿರಿಯರು ಬದುಕಿದರು. ಒಂದೇ ನಾಲಗೆಯಲ್ಲಿ ಹಲವು ನುಡಿಗಳನ್ನು ಸಾಕಿಕೊಂಡವರ ಕಷ್ಟಸುಖ ನಮಗೆ ಯಾರೂ ವಿವರಿಸಿ ಹೇಳಬೇಕಾದುದಲ್ಲ. ಹತ್ತಕ್ಕೂ ಮಿಕ್ಕ ಭಾಷೆಗಳಲ್ಲಿ ಹಾಡಿ, ಕೊನೆಗೆ ಕನ್ನಡ ನೆಲದಲ್ಲಿ ಮಣ್ಣಾದವಳನ್ನು ನಾವು ನೆನೆಯದೆ ಇನ್ನಾರು ನೆನೆಯಬೇಕು?

ಆಕೆ ಹುಟ್ಟಿದ್ದು ಉತ್ತರದ ಆಜಂಗಢದಲ್ಲಿ, 1873ರ ಜೂನ್ 26ರಂದು. ತಂದೆ ರಾಬರ್ಟ್ ಯೋವರ್ಡ್ ಆರ್ಮೇನಿಯ ಮೂಲದವನು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್. ಕೂಸಿಗೆ ಇಟ್ಟ ಹೆಸರು ಏಂಜೆಲಿನಾ. 1879ರಲ್ಲಿ ಆ ದಾಂಪತ್ಯ ಮುರಿದುಬಿತ್ತು. ಆರು ವರ್ಷದ ಮಗಳನ್ನು ಕಟ್ಟಿಕೊಂಡು ನಿರಾಧಾರಳಾದ ತಾಯಿ ಕಾಶಿಯನ್ನು ಸೇರಿದಳು, ಇಸ್ಲಾಂ ಮತವನ್ನು ಸ್ವೀಕರಿಸಿದಳು, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿಯೂ ಉರ್ದು ಕವಯಿತ್ರಿಯಾಗಿಯೂ ಪ್ರಸಿದ್ಧಳಾದಳು. ಮಗಳು ಗೌಹರ್ ಆದಳು. ಗೌಹರ್ ಎಂದರೆ ರತ್ನವೆಂದು ಉರ್ದು ಬಲ್ಲ ನಮ್ಮ ಮನೆಗಳಿಗೆ ಗೊತ್ತೇ ಇದೆ.

1883ರಲ್ಲಿ ತಾಯಿ ಮಗಳು ಕಲಕತ್ತೆಗೆ ಬಂದರು. ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಶಾಹ ಅಲ್ಲಿನ ಮಟಿಯಾಬುರ್ಜಿನಲ್ಲಿ ಸಂಗೀತಗಾರರ ಒಂದು ಪುಟ್ಟ ಲಖನೌವನ್ನೇ ಕಟ್ಟಿಕೊಂಡಿದ್ದನು. ಅದರ ನೆರಳಿನಲ್ಲಿ ಗೌಹರಳ ಶಿಕ್ಷಣ ಸಾಗಿತು. ಪಟಿಯಾಲದ ಕಾಲೇ ಖಾನರಲ್ಲಿ ಗಾಯನ, ಬಿಂದಾದೀನ ಮಹಾರಾಜರಲ್ಲಿ ಕಥಕ್ ನೃತ್ಯ, ಬೇರೆ ಗುರುಗಳಲ್ಲಿ ಧ್ರುಪದ, ಧಮಾರ, ಬಂಗಾಳಿ ಕೀರ್ತನೆ ಇವೆಲ್ಲವನ್ನೂ ಆಕೆ ಕಲಿತಳು. 1887ರಲ್ಲಿ ದರಭಂಗಾದ ಮಹಾರಾಜರ ಸಮ್ಮುಖದಲ್ಲಿ ಮೊದಲ ಕಚೇರಿ ನಡೆಯಿತು. ಆಗ ಆಕೆಗಿನ್ನೂ ಹದಿನಾಲ್ಕರ ಪ್ರಾಯ.

ಆಕೆಯ ವೃತ್ತಿಯ ವಿಷಯವನ್ನು ಮರೆಮಾಚುವ ಅಗತ್ಯ ನಮಗೆ ಕಾಣುವುದಿಲ್ಲ. ತವಾಯಫರೆಂದು ಕರೆಸಿಕೊಂಡ ಆ ಗಾಯಕಿಯರನ್ನು ಸಭ್ಯ ಸಮಾಜವು ರಾತ್ರಿ ಕೇಳಿತು, ಹಗಲು ಹಳಿಯಿತು. ಗೃಹಸ್ಥರ ಮನೆಯ ಹೆಣ್ಣುಮಕ್ಕಳು ಸಭೆಯಲ್ಲಿ ಬಾಯಿ ತೆರೆಯಲಾಗದಿದ್ದ ಆ ಕಾಲದಲ್ಲಿ ಠುಮರಿ, ದಾದರಾ, ಕಜರಿ, ಹೋರಿಗಳ ಭಂಡಾರವನ್ನು ಕಾಯ್ದುಕೊಂಡು ಬಂದವರಲ್ಲಿ ಅವರೇ ಮುಖ್ಯರು. ಅವರ ಋಣವನ್ನು ನಮ್ಮ ಸಂಗೀತ ಇನ್ನೂ ತೀರಿಸಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನು ಮುಖ್ಯ ಪ್ರಸಂಗಕ್ಕೆ ಬರೋಣ. 1902ರ ಕೊನೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತರುಣನು ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಪರವಾಗಿ ಯಂತ್ರಗಳನ್ನು ಹೊತ್ತುಕೊಂಡು ಹಡಗಿನಿಂದ ಕಲಕತ್ತೆಯಲ್ಲಿ ಇಳಿದನು. ಪೂರ್ವದೇಶಗಳ ಸಂಗೀತವನ್ನು ಮುದ್ರಿಸಿ ಮಾರುವುದು ಕಂಪನಿಯ ಉದ್ದೇಶ. ಒಂದು ಹೋಟೆಲಿನ ಕೋಣೆಯೇ ಮುದ್ರಣಶಾಲೆಯಾಯಿತು. ನವೆಂಬರ್ ತಿಂಗಳಲ್ಲಿ ಮೊದಲು ಹಾಡಿದವರು ರಂಗಭೂಮಿಯ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಹುಡುಗಿಯರು. ಭಾರತದಲ್ಲಿ ತಟ್ಟೆಗೆ ಮೊಟ್ಟಮೊದಲು ಹಾಡಿದವಳು ಗೌಹರಳೆಂದು ಸಾಮಾನ್ಯವಾಗಿ ಹೇಳುವುದುಂಟು. ಕೆಲವೇ ದಿನಗಳ ಅಂತರದಿಂದ ಆ ಮಾತು ಪೂರ್ಣ ಸತ್ಯವಲ್ಲ. ಆದರೆ ಆ ಯಂತ್ರದ ಮುಂದೆ ಕುಳಿತ ಮೊದಲನೆಯ ಪ್ರೌಢ ಗಾಯಕಿ ಆಕೆಯೇ ಎಂಬುದರಲ್ಲಿ ಸಂದೇಹವಿಲ್ಲ. ಮೈತುಂಬ ಆಭರಣ ತೊಟ್ಟು, ಪರಿವಾರ ಸಮೇತಳಾಗಿ ಬಂದ ಆಕೆ ಕೇಳಿದ ಸಂಭಾವನೆ 3000 ರೂಪಾಯಿ ಎಂದು ಪ್ರಸಿದ್ಧಿ. ಅಂದಿನ ಮೂರು ಸಾವಿರವೆಂದರೆ ಎಷ್ಟೆಂಬುದನ್ನು ಹಿರಿಯರು ಬಲ್ಲರು.

ಆಗಿನ ಮುದ್ರಣದ ರೀತಿಯನ್ನು ಇಂದಿನ ಮಕ್ಕಳಿಗೆ ತಿಳಿಸಿ ಹೇಳಬೇಕು. ಮೈಕು ಇರಲಿಲ್ಲ, ವಿದ್ಯುತ್ತಿನಿಂದ ಧ್ವನಿ ಮುದ್ರಿಸುವ ಪದ್ಧತಿ ಬಂದದ್ದು 1925ರಲ್ಲಿ. ಗೋಡೆಯಿಂದ ಹೊರಚಾಚಿದ ದೊಡ್ಡ ತುತ್ತೂರಿಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ತಲೆ ಆಡಿಸಿದರೆ, ಕೈ ಬೀಸಿ ದೂರ ಸರಿದರೆ ಧ್ವನಿ ಕೆಡುತ್ತದೆ. ಹಾಡುಗಾರಿಕೆಯ ಅರ್ಧ ಜೀವ ಅಭಿನಯದಲ್ಲಿದ್ದವಳಿಗೆ ಇದೆಂತಹ ಬಂಧನವೆಂದು ಊಹಿಸಿಕೊಳ್ಳಬಹುದು. ಧ್ವನಿಯ ಕಂಪನದಿಂದ ಒಂದು ಸೂಜಿ ನಡುಗಿ, ತಿರುಗುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತಿತ್ತು. ಆ ಬಿಲ್ಲೆಗಳು ಜರ್ಮನಿಯ ಹ್ಯಾನೋವರಕ್ಕೆ ಹೋಗಿ, ಅಲ್ಲಿ ಅರಗಿನ ತಟ್ಟೆಗಳಾಗಿ ಮರಳಿ ಬರುತ್ತಿದ್ದವು. ಆ ತಟ್ಟೆಗಳಿಗೆ ಬೇಕಾದ ಅರಗಿನ ಬಹುಭಾಗ ನಮ್ಮ ದೇಶದಿಂದಲೇ ಹೋಗುತ್ತಿತ್ತೆಂಬುದು ಒಂದು ವಿನೋದ. ಹೈದರಾಬಾದಿನ ಲಾಡ್ ಬಜಾರಿನಲ್ಲಿ ಬಳೆಯಾಗುವ ವಸ್ತುವೇ ಅಲ್ಲಿ ಹಾಡಾಗಿ ತಿರುಗಿ ಬಂದಿತು. 1908ರಲ್ಲಿ ಕಲಕತ್ತೆಯ ಸಿಯಾಲದಾದಲ್ಲಿಯೇ ಕಾರ್ಖಾನೆ ಆರಂಭವಾದ ಮೇಲೆ ಈ ಸಮುದ್ರಯಾನ ತಪ್ಪಿತು.

ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಭಾಷೆ ತಿಳಿಯದ ಜರ್ಮನಿಯ ಕೆಲಸಗಾರರಿಗೆ ಹಾಡಿದವರಾರೆಂದು ಗುರುತು ಸಿಕ್ಕಿ, ತಟ್ಟೆಗೆ ಸರಿಯಾದ ಚೀಟಿ ಅಂಟಿಸಲೆಂದು ಮಾಡಿಕೊಂಡ ಏರ್ಪಾಡು ಇದು. ಮುಂದೆ ಕೇಳುಗರಿಗೆ ಅದೇ ಒಂದು ಆಕರ್ಷಣೆಯಾಯಿತು.

ತಟ್ಟೆಯ ಒಂದು ಮುಖಕ್ಕೆ ದೊರೆಯುವ ಅವಕಾಶ ಮೂರು ನಿಮಿಷ. ಚಿಕ್ಕ ತಟ್ಟೆಗೆ ಅಷ್ಟೂ ಇಲ್ಲ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಇಷ್ಟರಲ್ಲಿ ಹೇಗೆ ಹಿಡಿಯುವುದು? ಅನೇಕ ದೊಡ್ಡ ಉಸ್ತಾದರು ಇದೇ ಕಾರಣಕ್ಕೆ ತಟ್ಟೆಯನ್ನು ತಿರಸ್ಕರಿಸಿದರು. ಯಂತ್ರಕ್ಕೆ ಹಾಡಿದರೆ ಕಂಠ ಹೋಗುತ್ತದೆಂದು ಹೆದರಿದವರೂ, ಮನೆತನದ ವಿದ್ಯೆ ಕಳುವಾದೀತೆಂದು ಶಂಕಿಸಿದವರೂ ಇದ್ದರು. ಗೌಹರ್ ಹೆದರಲಿಲ್ಲ. ಪೀಠಿಕೆಯ ಆಲಾಪವನ್ನು ಒಂದೆರಡು ಉಸಿರಿಗೆ ಇಳಿಸಿ, ಸ್ಥಾಯಿ ಅಂತರಾಗಳನ್ನು ಚೊಕ್ಕವಾಗಿ ನಿರೂಪಿಸಿ, ಮಿಂಚಿನಂತಹ ನಾಲ್ಕು ತಾನುಗಳಿಂದ ಮುಗಿಸುವ ಒಂದು ಕ್ರಮವನ್ನು ಆಕೆ ತನಗೆ ತಾನೇ ರೂಢಿಸಿಕೊಂಡಳು. ಆಕೆಯ ಭೈರವಿಯ ಠುಮರಿಯನ್ನು ಇಂದು ಕೇಳಿದರೂ, ಹಳೆಯ ತಟ್ಟೆಯ ಚರಚರ ಸದ್ದಿನ ಹಿಂದಿನಿಂದ ಬರುವ ಆ ಕಂಠಕ್ಕೆ ಆತುರವಿದ್ದಂತೆ ತೋರುವುದಿಲ್ಲ. ಇದೇ ಆಕೆಯ ದೊಡ್ಡ ವಿದ್ಯೆಯೆಂದು ನಾವು ಭಾವಿಸುತ್ತೇವೆ.

ಇದೇ ಮೂರು ನಿಮಿಷದ ಕಟ್ಟಿನೊಳಗೆ ಅಮೆರಿಕದಲ್ಲಿ ಇನ್ನೊಂದು ಸಂಗೀತ ಬೆಳೆಯಿತು. ಕರಿಯ ಜನರ ಬಾಳಿನಿಂದ ಹುಟ್ಟಿದ ಜಾಝ್ ಮೊದಲು ತಟ್ಟೆಗೆ ಬಂದದ್ದು 1917ರಲ್ಲಿ, ಅದೂ ಬಿಳಿಯರ ಮೇಳವೊಂದರ ಮೂಲಕ. 1923ರಲ್ಲಿ ಕಿಂಗ್ ಆಲಿವರನ ಮೇಳ ತುತ್ತೂರಿಯ ಮುಂದೆ ನಿಂತಾಗ, ತರುಣ ಲೂಯಿ ಆರ್ಮ್‌ಸ್ಟ್ರಾಂಗನ ವಾದ್ಯದ ಸದ್ದು ಮಿಕ್ಕವರನ್ನೆಲ್ಲ ಮುಳುಗಿಸಿದ್ದರಿಂದ ಅವನನ್ನು ದೂರ ಹಿಂದೆ ನಿಲ್ಲಿಸಿದರೆಂದು ಹೇಳುತ್ತಾರೆ. ಆ ಆರ್ಮ್‌ಸ್ಟ್ರಾಂಗನೂ, ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ನನೂ ಮುಂದೆ ಮೂರೇ ನಿಮಿಷಗಳಲ್ಲಿ ಪೂರ್ಣವಾದ ಕೃತಿಗಳನ್ನು ನಿರ್ಮಿಸಿ ಜಗತ್ತನ್ನು ಬೆರಗುಗೊಳಿಸಿದರು. ಸಮಾಜದ ಹೊಸ್ತಿಲಾಚೆ ನಿಲ್ಲಿಸಲ್ಪಟ್ಟವರಿಗೆ ತಟ್ಟೆಯೊಂದು ದಾರಿಯಾದದ್ದು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಗೌಹರಳದು ಅವರಿಗಿಂತ ಸುಮಾರು ಎರಡು ದಶಕ ಮೊದಲಿನ ಸಾಹಸ.

1902ರಿಂದ 1920ರವರೆಗೆ ಆಕೆ ಹಾಡಿದ ತಟ್ಟೆಗಳು ಸುಮಾರು 600 ಎಂದು ಲೆಕ್ಕ. ಹಿಂದುಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಅರಬ್ಬಿ, ಪಾರಸಿ, ಪಶ್ತೋ, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ ಅವು ಇವೆ. ಹಮ್‌ದಮ್ ಎಂಬ ಅಂಕಿತದಲ್ಲಿ ಸ್ವತಃ ಪದಗಳನ್ನೂ ರಚಿಸಿದಳು. ಆಕೆಯ ಚಿತ್ರ ಆಸ್ಟ್ರಿಯದಿಂದ ಬರುತ್ತಿದ್ದ ಬೆಂಕಿಪೆಟ್ಟಿಗೆಗಳ ಮೇಲೆ ಅಚ್ಚಾಯಿತು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ದಿಲ್ಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿಬಾಯಿಯೊಡನೆ ಹಾಡುವ ಗೌರವ ದೊರೆಯಿತು. ಸಾಕಿದ ಬೆಕ್ಕಿನ ಮದುವೆಗೆ ಸಾವಿರಾರು ರೂಪಾಯಿ ಚೆಲ್ಲಿದಳೆಂದೂ, ವೈಸರಾಯರಿಗೆ ಮೀಸಲಾದಂತಹ ಸಾರೋಟಿನಲ್ಲಿ ತಿರುಗಿ ದಂಡ ತೆತ್ತಳೆಂದೂ ಕತೆಗಳಿವೆ. ಐಶ್ವರ್ಯವಂತರ ಬೆನ್ನಿಗೆ ಇಂತಹ ಕತೆಗಳು ಹುಟ್ಟಿಕೊಳ್ಳುವುದು ಸಹಜ. ನಾವು ಅವುಗಳಿಗೆ ಹೆಚ್ಚು ಬೆಲೆ ಕೊಡುವುದಿಲ್ಲ.

ಆಕೆಯ ತಟ್ಟೆಗಳು ಮಾಡಿದ ಉಪಕಾರ ಬೇರೆಯೇ ಇದೆ. ಕೋಠಿಯ ಮೆಟ್ಟಿಲು ಹತ್ತದ ಗೃಹಸ್ಥನೂ, ಮನೆಯ ಹೊಸ್ತಿಲು ದಾಟದ ಗೃಹಿಣಿಯೂ ಆ ಸಂಗೀತವನ್ನು ತಮ್ಮ ಪಡಸಾಲೆಯಲ್ಲಿಯೇ ಕೇಳುವಂತಾಯಿತು. ಗುರುವಿಲ್ಲದ ಊರಿನಲ್ಲಿ ತಟ್ಟೆಯೇ ಗುರುವಾಯಿತು. ನಮ್ಮ ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಸಂಗೀತವನ್ನರಸಿ ಮನೆ ಬಿಟ್ಟು ಹೊರಟದ್ದು ಅಬ್ದುಲ್ ಕರೀಮ ಖಾನರ ತಟ್ಟೆಯೊಂದನ್ನು ಕೇಳಿ ಎಂಬುದು ಪ್ರಸಿದ್ಧವಾದ ಸಂಗತಿ.

ಹಣ ಬಂದಂತೆಯೇ ಹೋಯಿತು. 1906ರಲ್ಲಿ ತಾಯಿ ತೀರಿಕೊಂಡ ಮೇಲೆ ಗೌಹರಳಿಗೆ ನೆಮ್ಮದಿಯಿರಲಿಲ್ಲ. ಮನೆಯಲ್ಲಿ ಬೆಳೆದ ದಾಸಿಯ ಮಗನೊಬ್ಬ ತಾನೇ ಮಲ್ಕಾ ಜಾನಳ ವಾರಸುದಾರನೆಂದು ಆಸ್ತಿಗೆ ದಾವೆ ಹೂಡಿದನು. ತನ್ನ ಜನ್ಮದ ಸತ್ಯವನ್ನೇ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಗಿ ಬಂದ ಆ ಹೆಣ್ಣುಮಗಳು, ಎಂದೋ ತಮ್ಮನ್ನು ಬಿಟ್ಟುಹೋದ ತಂದೆಯನ್ನು ಹುಡುಕಿ ಸಾಕ್ಷಿಗೆ ಕರೆತರಬೇಕಾಯಿತು. ಆ ಮೊಕದ್ದಮೆಯನ್ನು ಗೆದ್ದಳು. ಅನಂತರ ತನಗಿಂತ ಕಿರಿಯನಾದ ತನ್ನ ಕಾರ್ಯದರ್ಶಿ ಅಬ್ಬಾಸನನ್ನು ನಂಬಿ ವರಿಸಿದಳು. ಆ ಸಂಬಂಧವೂ ಕೆಟ್ಟು ಮತ್ತೆ ಕೋರ್ಟಿನ ಮೆಟ್ಟಿಲೇ ಗತಿಯಾಯಿತು. ವಕೀಲರ ಖರ್ಚಿಗೆ ಮನೆಗಳು ಕರಗಿದವು. ಕಲಕತ್ತೆ ಬಿಟ್ಟಳು, ದಾರ್ಜೀಲಿಂಗಿನಲ್ಲಿ ಇದ್ದಳು, ಮುಂಬಯಿಯಲ್ಲಿ ಇದ್ದಳು, ಎಲ್ಲಿಯೂ ಬೇರೂರಲಿಲ್ಲ.

ಆಗ ಕೈ ನೀಡಿದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಸ್ವತಃ ವಾದ್ಯಗಳನ್ನು ನುಡಿಸಬಲ್ಲ ಆ ಪ್ರಭುಗಳ ಆಸ್ಥಾನದಲ್ಲಿ ಕರ್ನಾಟಕ ಸಂಗೀತ, ಹಿಂದುಸ್ತಾನಿ, ಪಾಶ್ಚಾತ್ಯ ಎಲ್ಲಕ್ಕೂ ಆಶ್ರಯವಿತ್ತು. ಫೈಯಾಜ್ ಖಾನರಿಗೆ ಸಂಗೀತದ ಸೂರ್ಯನೆಂಬ ಅರ್ಥದ ಬಿರುದನ್ನಿತ್ತದ್ದೂ ಅದೇ ಆಸ್ಥಾನ. 1928ರ ಆಗಸ್ಟ್ 1ರಿಂದ ಗೌಹರ್ ಜಾನಳಿಗೆ ತಿಂಗಳಿಗೆ 500 ರೂಪಾಯಿ ಸಂಬಳ ಗೊತ್ತಾಯಿತು. ವಾಸಕ್ಕೆ ದಿಲ್‌ಖುಷ್ ಎಂಬ ಮನೆ ದೊರೆಯಿತು. ಮನಸ್ಸಿಗೆ ಸಂತೋಷವೆಂಬ ಹೆಸರಿನ ಆ ಮನೆಯಲ್ಲಿ ಆಕೆಗೆ ಸಂತೋಷ ಹೆಚ್ಚು ದಕ್ಕಲಿಲ್ಲ. ದೇಹ ಸೋತಿತ್ತು, ಮನಸ್ಸು ಕುಗ್ಗಿತ್ತು, ದೂರದ ಊರಿನ ಸಾಲ ವ್ಯಾಜ್ಯಗಳು ಬೆನ್ನು ಬಿಟ್ಟಿರಲಿಲ್ಲ. ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಾಗ ಆಕೆಗೆ ಐವತ್ತಾರು ವರ್ಷ. ಹತ್ತಿರ ಬಂಧುಗಳಿರಲಿಲ್ಲ.

ಆಕೆಯನ್ನು ಮಣ್ಣು ಮಾಡಿದ ಜಾಗದ ಗುರುತು ಮೈಸೂರಿನಲ್ಲಿ ಇಂದು ಉಳಿದಿಲ್ಲ. ಅರಗಿನ ತಟ್ಟೆಗಳು ಮಾತ್ರ ಸಂಗ್ರಹಕಾರರ ಮನೆಗಳಲ್ಲಿ ಇವೆ. ಅವುಗಳ ಪ್ರತಿಗಳನ್ನು ಈಗ ಕಂಪ್ಯೂಟರಿನಲ್ಲಿ, ಕೈಯ ಮೊಬೈಲಿನಲ್ಲಿಯೂ ಕೇಳಬಹುದು. ಉರ್ದು ಅರ್ಥವಾಗುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಕ್ಕಳು ಒಮ್ಮೆ ಆ ಭೈರವಿಯನ್ನು ಕೇಳಲಿ. ಹಾಡು ಮುಗಿದೊಡನೆ ನಿಲ್ಲಿಸದೆ, ಕೊನೆಯಲ್ಲಿ ಆಕೆ ತನ್ನ ಹೆಸರು ಹೇಳುವವರೆಗೆ ಬಿಡಲಿ.