ಕೆಳದಿಯ ಚೆನ್ನಮ್ಮಾಜಿ ಮತ್ತು ಅರಸನ ಮನೋವ್ಯಾಧಿ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಕಡಲತೀರವು ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದೆ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಘಟ್ಟದ ಮೇಲಿನ ಕಾಳುಮೆಣಸು, ಬಯಲಿನ ಅಕ್ಕಿ ಇಲ್ಲಿಯ ಬಂದರುಗಳಿಂದಲೇ ಹಡಗನ್ನೇರುತ್ತಿದ್ದವು. 1623ರಲ್ಲಿ ಇಟಲಿಯ ಯಾತ್ರಿಕನಾದ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯೇರಿ, ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಘಟ್ಟದ ಮೇಲಿನ ಅರಮನೆಗೂ ಕೆಳಗಿನ ಕರಾವಳಿಗೂ ಇದ್ದ ನಂಟು ಅಂಥದು. ಅರಮನೆಯಲ್ಲಿ ದೀಪ ಮಂಕಾದರೆ ಬಂದರಿನಲ್ಲಿ ಕತ್ತಲೆ ಕವಿಯುತ್ತಿತ್ತು. ಈ ನಾಡನ್ನು ಇಪ್ಪತ್ತೈದು ವರ್ಷಗಳ ಕಾಲ ಆಳಿದ ಚೆನ್ನಮ್ಮಾಜಿಯ ಹೆಸರನ್ನು ಅರಿಯದ ಭಕ್ತರಿಲ್ಲ. ಔರಂಗಜೇಬನ ಸೈನ್ಯಕ್ಕೆ ಅಂಜದೆ ಶರಣಾಗತನನ್ನು ಕಾಪಾಡಿದ ವೀರರಾಣಿಯೆಂದು ಎಲ್ಲರೂ ಆಕೆಯನ್ನು ಕೊಂಡಾಡುತ್ತಾರೆ. ಆದರೆ ಆಕೆ ಎದುರಿಸಿದ ಮೊದಲನೆಯ ಸಂಕಟವು ರಣರಂಗದಲ್ಲಿ ಬಂದುದಲ್ಲ. ಅದು ಮನೆಯೊಳಗೇ ಹುಟ್ಟಿದುದು. ಗೃಹಸ್ಥರಾದ ನಮಗೆ ಆಕೆಯ ಜೀವಿತದ ಆ ಭಾಗವೇ ಹೆಚ್ಚು ಹತ್ತಿರವಾದುದೆಂದು ತೋರುತ್ತದೆ.

ಚೆನ್ನಮ್ಮಾಜಿಯು ಸಿದ್ದಪ್ಪಶೆಟ್ಟಿಯೆಂಬ ಲಿಂಗವಂತ ವ್ಯಾಪಾರಿಯ ಮಗಳು. ರಾಜಕುಲದಲ್ಲಿ ಹುಟ್ಟಿದವಳಲ್ಲ. ಆಗ ಕೆಳದಿಯ ಸಿಂಹಾಸನದಲ್ಲಿದ್ದವನು ಸೋಮಶೇಖರ ನಾಯಕನು. ಈತನು ಶಿಸ್ತಿನ ಶಿವಪ್ಪನಾಯಕನ ಮಗ. ಶಿವಪ್ಪನಾಯಕನು 1645ರಿಂದ 1660ರವರೆಗೆ ಆಳಿ, ಭೂಮಿಯನ್ನು ಅಳೆಯಿಸಿ, ಕಂದಾಯವನ್ನು ಗೊತ್ತುಪಡಿಸಿ, ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರ ಕೈಯಿಂದ ಬಿಡಿಸಿದ ಸಮರ್ಥನು. ಅವನ ತರುವಾಯ ಕೆಲವೇ ವರ್ಷಗಳಲ್ಲಿ ಅರಸೊತ್ತಿಗೆಯು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ, 1664ರಲ್ಲಿ ಸೋಮಶೇಖರನಿಗೆ ಬಂದಿತು. ಕೆಳದಿಯ ರಾಮೇಶ್ವರನ ಜಾತ್ರೆಯಲ್ಲಿ ಅರಸನು ಈ ಕನ್ಯೆಯನ್ನು ಕಂಡು ಮೆಚ್ಚಿದನೆಂದು ಪರಂಪರೆಯು ಹೇಳುತ್ತದೆ. 1667ರಲ್ಲಿ ವಿವಾಹವಾಯಿತು. ಸಾಮಾನ್ಯ ಮನೆತನದ ಹೆಣ್ಣು ಅರಮನೆಯ ನಡೆನುಡಿಗಳನ್ನೂ, ಪತಿಯ ಬಳಿಯಿದ್ದು ರಾಜಕಾರ್ಯವನ್ನೂ ಕಲಿತಳು. ಆ ಕಲಿಕೆಯು ಎಷ್ಟು ಬೇಗನೆ ಬೇಕಾಗುವುದೆಂದು ಆಗ ಯಾರು ಬಲ್ಲರು?

ಕೆಲವು ಕಾಲದ ಮೇಲೆ ಅರಸನ ಚಿತ್ತವು ಕೆಟ್ಟಿತು. ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಸಿಕ್ಕಿ ಅವನು ಅರಮನೆಯನ್ನು ಬಿಟ್ಟು ಅವಳ ಮನೆಯಲ್ಲಿಯೇ ಉಳಿದನೆಂದೂ, ಭರಮೆ ಮಾವುತನೆಂಬವನು ಕೊಟ್ಟ ಮದ್ದುಗಳಿಂದ ಅವನ ದೇಹವೂ ಬುದ್ಧಿಯೂ ಶಿಥಿಲವಾದುವೆಂದೂ ಕೆಳದಿಯ ಕಥನಗಳು ಹೇಳುತ್ತವೆ. ಓಲಗಕ್ಕೆ ಬರುವುದು ನಿಂತಿತು. ಬಿನ್ನಹಗಳಿಗೆ ಉತ್ತರವಿಲ್ಲವಾಯಿತು. ಸಂತಾನವಿಲ್ಲದ ಅರಸನ ತರುವಾಯ ಯಾರು ಎಂಬ ಪ್ರಶ್ನೆಯು ಮಂತ್ರಿಗಳಲ್ಲಿ ಕಲಹವನ್ನು ಹುಟ್ಟಿಸಿತು.

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಘಟ್ಟದ ಮೇಲೂ ಕೆಳಗೂ ನಮ್ಮ ಜನರಲ್ಲಿ, ಒಬ್ಬನು ಊಟ ಬಿಟ್ಟು, ನಿದ್ರೆ ಬಿಟ್ಟು, ಮಾತು ಬಿಟ್ಟು ಕುಳಿತರೆ ಯಾರೋ ಮದ್ದು ಹಾಕಿದ್ದಾರೆಂಬ ಶಂಕೆಯೇ ಮೊದಲು ಏಳುತ್ತದೆ. ಮದ್ದು ತೆಗೆಯುವವರನ್ನು ಅರಸಿ ಊರೂರು ಅಲೆಯುತ್ತಾರೆ. ಬುದ್ಧಿಯನ್ನು ಕೆಡಿಸುವ ವಿಷಗಳು ಇಲ್ಲವೆಂದಲ್ಲ. ಸಂಸ್ಕೃತದಲ್ಲಿ ದತ್ತೂರಕ್ಕೆ ಉನ್ಮತ್ತವೆಂಬ ಹೆಸರೇ ಇದೆ. ಕನ್ನಡದ ಉಮ್ಮತ್ತಿಯೆಂಬ ಶಬ್ದವು ಅದರಿಂದಲೇ ಬಂದುದು. ಆದರೆ ನೂರು ಮನೋವ್ಯಾಧಿಗಳನ್ನು ಹತ್ತಿರದಿಂದ ನೋಡಿದ ವೈದ್ಯನು ಅವುಗಳಲ್ಲಿ ಬಹುಪಾಲು ಯಾರೂ ಹಾಕಿದ ಮದ್ದಿನಿಂದ ಹುಟ್ಟಿದುವಲ್ಲವೆಂದು ಹೇಳುವನು. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಆಗಂತು ಎಂದು ಐದು ಬಗೆಯಾಗಿ ವಿಂಗಡಿಸಿ, ಭಯ ಶೋಕಗಳಿಂದ ಮನಸ್ಸಿಗೆ ಬೀಳುವ ಪೆಟ್ಟನ್ನೂ ಕಾರಣಗಳಲ್ಲಿ ಎಣಿಸಿ, ಔಷಧದೊಡನೆ ಆಪ್ತರ ಸಾಂತ್ವನವನ್ನೂ ಚಿಕಿತ್ಸೆಯಾಗಿ ವಿಧಿಸುತ್ತದೆ. ಆ ಗ್ರಂಥದಲ್ಲಿಯೇ ರೋಗಿಯನ್ನು ಬೆದರಿಸುವ, ಬಂಧಿಸುವ ಕ್ರಮಗಳೂ ಉಂಟು. ಇಂದಿನ ವೈದ್ಯವು ಅವುಗಳನ್ನು ಬಿಟ್ಟಿದೆ. ನಾವೂ ಬಿಡತಕ್ಕದ್ದು. ಸಾಂತ್ವನವನ್ನು ಮಾತ್ರ ಯಾವ ಕಾಲದ ವೈದ್ಯವೂ ಬಿಟ್ಟಿಲ್ಲ.

ಚೆನ್ನಮ್ಮಾಜಿಯು ಮಾಡಿದುದೇನು? ಅರಸಿಯ ಮಾನವನ್ನು ಬದಿಗಿಟ್ಟು ಆಕೆಯೇ ಆ ಮನೆಗೆ ಹೋಗಿ, ಪತಿಯನ್ನು ಕಂಡು, ಅರಮನೆಗೆ ಮರಳಬೇಕೆಂದು ಬೇಡಿಕೊಂಡಳೆಂದು ಜನರಲ್ಲಿ ಹರಿದುಬಂದ ಕಥನವು ಹೇಳುತ್ತದೆ. ಅವನು ಬರಲಿಲ್ಲ. ಇಂತಹ ಮನೆಯಲ್ಲಿ ಬಾಳಿದ ತಾಯಂದಿರಿಗೆ ಆ ಬರಿಗೈಯ ಹಿಂದಿರುಗುವಿಕೆ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಬೇಡಿಕೊಂಡರೆ ಗುಣವಾಗುವ ವ್ಯಾಧಿ ಅದಲ್ಲ. ಬೈದರಂತೂ ಆಗುವುದೇ ಇಲ್ಲ. ಜ್ವರ ಬಂದವನನ್ನು ಜ್ವರ ಬಿಡೆಂದು ಗದರಿಸುವವರು ಯಾರೂ ಇಲ್ಲ. ಮನಸ್ಸಿಗೆ ಜ್ವರ ಬಂದವನನ್ನು ಮಾತ್ರ ಸೋಮಾರಿಯೆಂದೂ ಹಟಮಾರಿಯೆಂದೂ ಜರೆಯುತ್ತೇವೆ. ಆಕೆ ಪತಿಯ ಕಡೆಗೆ ಹೋದುದು ತಪ್ಪಲ್ಲ, ಅವನು ಬಾರದುದು ಆಕೆಯ ಸೋಲೂ ಅಲ್ಲ.

ಅಷ್ಟರಲ್ಲಿ ಹೊರಗಿನ ವಿಪತ್ತು ಬಂದೊದಗಿತು. ಅರಸನು ಅಸ್ವಸ್ಥನೆಂಬ ಸುದ್ದಿ ತಿಳಿದ ಬಿಜಾಪುರದ ಸುಲ್ತಾನನು ಮೊದಲು ದೂತನನ್ನೂ, ಹಿಂದಿನಿಂದ ಸೈನ್ಯವನ್ನೂ ಕಳುಹಿಸಿದನು. ಚೆನ್ನಮ್ಮಾಜಿಯು ಹಣವನ್ನಿತ್ತು ಕಾಲಾವಕಾಶವನ್ನು ಪಡೆದಳು. ಅದೂ ಸಾಲದಾದಾಗ ರಾಜಧಾನಿಯಾದ ಬಿದನೂರನ್ನು ಬಿಟ್ಟು, ಭಂಡಾರದೊಡನೆ ಕಾಡಿನ ನಡುವಣ ಭುವನಗಿರಿಯ ದುರ್ಗವನ್ನು, ಎಂದರೆ ಇಂದಿನ ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗವನ್ನು ಸೇರಿದಳು. ಈ ಗೊಂದಲದಲ್ಲಿಯೇ 1671ರಲ್ಲಿ ಸೋಮಶೇಖರ ನಾಯಕನು ಕೊಲೆಯಾದನು. ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿದ್ದ ಮನುಷ್ಯನನ್ನು ಅಧಿಕಾರದಾಸೆಯು ಬಲಿ ತೆಗೆದುಕೊಂಡಿತು. ಮತಿ ಕೆಟ್ಟವನಿಂದ ಲೋಕಕ್ಕೆ ಭಯವೆಂದು ನಾವು ಎಣಿಸುತ್ತೇವೆ. ಆದರೆ ಲೋಕದಿಂದ ಅವನಿಗಿರುವ ಭಯವೇ ದೊಡ್ಡದೆಂಬುದಕ್ಕೆ ಅರಸನೇ ನಿದರ್ಶನನಾದನು.

ಭುವನಗಿರಿಯಲ್ಲಿ ಚೆನ್ನಮ್ಮಾಜಿಗೆ ಪಟ್ಟಾಭಿಷೇಕವಾಯಿತು. ಆಕೆ ಅಲ್ಲಿ ಒಂಟಿಯಾಗಿ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ಅರಮನೆಯ ಕಲಹದಿಂದ ದೂರವಾಗಿದ್ದ ತಿಮ್ಮಣ್ಣ ನಾಯಕನಂಥ ಹಿರಿಯರು ಬಂದು ಹೆಗಲು ಕೊಟ್ಟರು. ಅವರ ನೆರವಿನಿಂದ ಬಿದನೂರು ಮತ್ತೆ ಕೈಸೇರಿತು. ಗಂಡನ ವ್ಯಾಧಿ, ಅವನ ಮರಣ, ರಾಜ್ಯದ ಭಾರ ಈ ಮೂರನ್ನೂ ಒಬ್ಬಳೇ ಹೊರುವೆನೆಂದು ಆಕೆ ಹಟ ತೊಟ್ಟಿದ್ದರೆ ಕೆಳದಿಯು ಅಂದೇ ಮುಳುಗುತ್ತಿತ್ತು. ನೆರವನ್ನು ಕೇಳುವುದು ದೈನ್ಯವಲ್ಲ, ವಿವೇಕ.

ಆ ಬಳಿಕದ ಆಳ್ವಿಕೆಯು ನಾಡಿಗೆ ತಿಳಿದದ್ದೇ. ಮೈಸೂರಿನ ಚಿಕ್ಕದೇವರಾಜ ಒಡೆಯರೊಡನೆ ಯುದ್ಧಗಳಾಗಿ, ಕೊನೆಗೆ ಸಂಧಿಯಾಯಿತು. 1678ರಲ್ಲಿ ಪೋರ್ಚುಗೀಸರೊಡನೆ ಮೆಣಸು ಅಕ್ಕಿಗಳ ವ್ಯಾಪಾರದ ಒಪ್ಪಂದವಾಯಿತು. ಕುಮಟೆಯ ಬಳಿಯ ಮಿರ್ಜಾನ, ಕುಮಟಾ ಹೊನ್ನಾವರಗಳ ಸೀಮೆಯ ಚಂದಾವರ, ದಕ್ಷಿಣದ ಕಲ್ಯಾಣಪುರ ಮೊದಲಾದ ಸ್ಥಳಗಳಲ್ಲಿ ಅವರ ಚರ್ಚುಗಳಿಗೆ ಆಕೆಯ ಆಳ್ವಿಕೆಯಲ್ಲಿ ಅನುಮತಿ ದೊರೆಯಿತು. 1689ರಲ್ಲಿ ಛತ್ರಪತಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಆಶ್ರಯವನ್ನು ಬೇಡಿದಾಗ, ಆಕೆ ಅವನನ್ನು ಕಾಪಾಡಿ ದಾಟಿಸಿದಳು. ಅದಕ್ಕಾಗಿ ಔರಂಗಜೇಬನ ಸೈನ್ಯವು ಮೇಲೆ ಬಿದ್ದಿತು. ಮಲೆನಾಡಿನ ಕಾಡು ಮಳೆಗಳ ನಡುವೆ ಹೋರಾಟ ನಡೆದು ಕೊನೆಗೆ ಸಂಧಾನದಲ್ಲಿ ಮುಗಿಯಿತು. ಓಡಿಬಂದು ಬಾಗಿಲು ತಟ್ಟಿದವನ ಸಂಕಟವನ್ನು ಆಕೆ ಅಷ್ಟು ಬೇಗ ಅರಿತುದು ಸೋಜಿಗವಲ್ಲ. ದಿಕ್ಕೆಟ್ಟು ಒಂದು ದುರ್ಗದಿಂದ ಇನ್ನೊಂದಕ್ಕೆ ಹೋದ ದಿನಗಳು ಆಕೆಗೂ ಇದ್ದುವಲ್ಲವೆ?

ಇಪ್ಪತ್ತೈದು ವರ್ಷಗಳ ಈ ಭಾರವು ಯಾರನ್ನಾದರೂ ಕುಗ್ಗಿಸಬಲ್ಲುದು. ಕಾಯಕವೇ ಕೈಲಾಸವೆಂದು ನಂಬಿದ ನಾವು, ದಣಿವನ್ನು ಒಪ್ಪಿಕೊಂಡರೆ ಭಕ್ತಿಗೆ ಕುಂದೆಂದು ಭಾವಿಸುವುದುಂಟು. ಆದರೆ ಕಾಯವು ಬಿದ್ದರೆ ಕಾಯಕವೆಲ್ಲಿ? ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದ ಕಥೆಯು ಎಲ್ಲರಿಗೂ ಗೊತ್ತು. ಅದರಲ್ಲಿ ಆಸೆಗೆ ಮಿತಿಯಿರಬೇಕೆಂಬ ಬೋಧೆಯಿದೆ. ದುಡಿಮೆಗೂ ಮಿತಿಯುಂಟೆಂಬ ಬೋಧೆಯನ್ನು ನಾವು ಅದರಿಂದಲೇ ತೆಗೆದುಕೊಳ್ಳಬಹುದು. ಚೆನ್ನಮ್ಮಾಜಿಯು ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡು, ರಾಜನೀತಿಯನ್ನು ಕಲಿಸಿ, ಭಾರವನ್ನು ಹೊರಬಲ್ಲ ಮತ್ತೊಂದು ಹೆಗಲನ್ನು ಸಿದ್ಧಪಡಿಸಿದಳು. 1697ರ ಸುಮಾರಿಗೆ ರಾಜ್ಯವು ಯಾವ ರಕ್ತಪಾತವೂ ಇಲ್ಲದೆ ಅವನಿಗೆ ಬಂದಿತು. ಬಹುವಿದ್ಯೆಗಳ ಕೋಶವಾದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಗ್ರಂಥವನ್ನು 1709ರಲ್ಲಿ ಮುಗಿಸಿದವನು ಈ ಬಸಪ್ಪ ನಾಯಕನೇ. ಕಲಹದ ಮನೆಯಲ್ಲಿ ಅಂತಹ ಗ್ರಂಥವು ಹುಟ್ಟುವುದುಂಟೆ?

ಇನ್ನೊಂದು ಸಣ್ಣ ಸಂಗತಿಯಿದೆ. ಬಸಪ್ಪ ನಾಯಕನ ತರುವಾಯ 1714ರಿಂದ 1739ರವರೆಗೆ ಆಳಿದ ಅವನ ಮಗನ ಹೆಸರು ಸೋಮಶೇಖರ. ಚಿತ್ತವಿಕಲನಾಗಿ ಕೊಲೆಯಾದ ಅರಸನ ಹೆಸರನ್ನು ಆ ಮನೆತನವು ಕಳಂಕವೆಂದು ಅಳಿಸಿಹಾಕಲಿಲ್ಲ. ಮಗುವಿಗೆ ಇಟ್ಟು ಸಿಂಹಾಸನಕ್ಕೆ ಮರಳಿ ತಂದಿತು. ನಮ್ಮಲ್ಲಿಯೋ? ಮನೆಯಲ್ಲಿ ಒಬ್ಬರಿಗೆ ಮನೋವ್ಯಾಧಿಯಿದ್ದರೆ ಹೆಣ್ಣುಮಕ್ಕಳ ಲಗ್ನ ನಿಲ್ಲುವುದೆಂದು ಅವರನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಡುತ್ತೇವೆ. ಬೀಗರು ಬಂದಾಗ ಅವರ ಹೆಸರನ್ನೇ ಎತ್ತುವುದಿಲ್ಲ. ಔಷಧದಿಂದ ಗುಣವಾಗಬಹುದಾದ ಎಷ್ಟೋ ಜೀವಗಳು ಈ ಅಂಜಿಕೆಯಲ್ಲಿ ವರ್ಷಗಟ್ಟಲೆ ನವೆಯುತ್ತವೆ. ದೇವಸ್ಥಾನ ದರ್ಗಾಗಳ ಬಳಿ ಸರಪಳಿ ಹಾಕಿ ಬಿಟ್ಟುಬರುವ ಕ್ರೂರ ಪದ್ಧತಿಯೂ ಇತ್ತು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾನೂನು ಯಾವ ರೀತಿಯಲ್ಲಿಯೂ ಸರಪಳಿ ಹಾಕಕೂಡದೆಂದು ನಿಷೇಧಿಸಿದೆ.

ವ್ಯಾಧಿಯು ಬೇರೆ, ಹುಟ್ಟಿನಿಂದಲೇ ಬರುವ ಮನೋಧರ್ಮದ ಭೇದವು ಬೇರೆ. ಮಾತು ತಡವಾಗಿ ಬರುವ, ಗದ್ದಲವನ್ನು ಸಹಿಸದ, ಒಂದೇ ವಿಷಯದಲ್ಲಿ ಮುಳುಗಿರುವ ಮಕ್ಕಳುಂಟು. ಇಂತಹ ಲಕ್ಷಣಗಳಿಂದ ಕಾಣಿಸಿಕೊಳ್ಳುವ ಒಂದು ಸ್ಥಿತಿಯನ್ನು ಇಂದು ಆಟಿಸಂ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಅಂಥವರ ಹಕ್ಕುಗಳನ್ನೂ ಕಾಯುತ್ತದೆ. ಅಂತಹ ಮಗುವನ್ನು ಹೊಡೆದು ತಿದ್ದಲಾಗದು. ಅದರ ದಾರಿಯನ್ನು ಅರಿತು ಕಲಿಸಬೇಕು. ಶಿವನು ಹಾಲು ಕುಡಿಯಲಿಲ್ಲವೆಂದು ಅತ್ತ ಕೊಡಗೂಸನ್ನು ಲೋಕವು ಹುಚ್ಚಿಯೆನ್ನಬಹುದಿತ್ತು. ಹರಿಹರನಾದರೋ ಮುಗ್ಧಭಕ್ತೆಯೆಂದು ಹಾಡಿದನು. ಲೋಕದ ಅಳತೆಗೆ ಒಗ್ಗದ ಮನಸ್ಸಿಗೂ ನಮ್ಮ ಪರಂಪರೆಯಲ್ಲಿ ಪೀಠವಿದೆ.

ಸದ್ಭಕ್ತರಾದ ಗೃಹಸ್ಥರು ಚೆನ್ನಮ್ಮಾಜಿಯ ಜೀವಿತದಿಂದ ಗ್ರಹಿಸತಕ್ಕುದು ಇಷ್ಟೇ. ಮನೆಯಲ್ಲಿ ಮನಸ್ಸು ನೊಂದವರಿದ್ದರೆ ಕಾರಣವನ್ನು ಯಾರ ಮೇಲೂ ಹೊರಿಸಬೇಡಿರಿ. ಮದ್ದು ತೆಗೆಸುವ ಮೊದಲು ವೈದ್ಯರ ಮದ್ದನ್ನು ಕೊಡಿಸಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಇದೆ. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಸರ್ಕಾರದ ಟೆಲಿಮಾನಸ್ ಸೇವೆಯು ಹಗಲಿರುಳೂ ದೊರೆಯುತ್ತದೆ. ಹಾಸಿಗೆ ಹಿಡಿದವರ ಸೇವೆ ಮಾಡುವವರಿಗೂ ವಾರದಲ್ಲಿ ಒಂದು ದಿನ ಬಿಡುವಿರಲಿ. ನೆರೆಯವರೊಬ್ಬರು ಆ ದಿನ ರೋಗಿಯ ಬಳಿ ಕುಳಿತರೆ ಅದೂ ದಾಸೋಹವೇ. ಅನ್ನವನ್ನು ನೀಡುವ ಕೈಗಳು ನಮ್ಮಲ್ಲಿ ಬಹಳ ಇವೆ. ನೊಂದ ಮನೆಯ ಬಾಗಿಲನ್ನು ತಟ್ಟಿ, ಒಂದು ಗಳಿಗೆ ಕುಳಿತು, ಕ್ಷೇಮವನ್ನು ವಿಚಾರಿಸುವ ಕೈಗಳು ಇನ್ನೂ ಹೆಚ್ಚಲಿ.