ಲಿಂಡಾ ರಿಚರ್ಡ್ಸ್

ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ದಾದಿಯರ ಶಿಕ್ಷಣಕ್ಕೆ ಹೋಗುವುದುಂಟು. ಅವರಿಗಾಗಿ ಈ ಚರಿತ್ರೆಯನ್ನು ಸಂಗ್ರಹಿಸಿ ಬರೆದಿದ್ದೇವೆ.

ಲಿಂಡಾ ರಿಚರ್ಡ್ಸ್ ಎಂಬಾಕೆಯು 1841ರಲ್ಲಿ ಅಮೆರಿಕಾದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದಳು. ಕ್ಷಯಪೀಡಿತಳಾದ ತಾಯಿಯ ಆರೈಕೆಯಿಂದ ಆಕೆಯ ಶುಶ್ರೂಷೆಯು ಮೊದಲಾಯಿತು. 1873ರಲ್ಲಿ ಬಾಸ್ಟನ್ ನಗರದ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಶಿಕ್ಷಣವನ್ನು ಪೂರೈಸಿ, ಆ ದೇಶದ ಪ್ರಥಮ ಶಿಕ್ಷಿತ ದಾದಿಯೆನಿಸಿದಳು. ಅಲ್ಲಿ ಔಷಧದ ಸೀಸೆಗಳ ಮೇಲೆ ಹೆಸರಿರದೆ ಅಂಕಿಗಳು ಮಾತ್ರವೇ ಇದ್ದವು. ತಾನು ಕುಡಿಸುವುದೇನೆಂಬುದನ್ನು ದಾದಿಯು ತಿಳಿಯಕೂಡದಂತೆ! ಮದ್ದಾವುದೆಂದು ಅರಿಯದ ಕೈ ಎಷ್ಟು ಜಾಗರೂಕವಾಗಿದ್ದರೇನು?

ಅದೇ ವರ್ಷ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ರಾತ್ರಿಯ ಮೇಲ್ವಿಚಾರಕಳಾಗಿ, ಬಾಯಿಮಾತಿಗೆ ಬದಲಾಗಿ ಒಬ್ಬೊಬ್ಬ ರೋಗಿಯ ಸ್ಥಿತಿಯನ್ನೂ ಬರೆದಿಡತೊಡಗಿದಳು. 1877ರಲ್ಲಿ ಇಂಗ್ಲೆಂಡಿನಲ್ಲಿ ನೈಟಿಂಗೇಲಳನ್ನು ಕಂಡಳು. 1886ರಲ್ಲಿ ಮಿಷನ್ ಸೇವೆಗಾಗಿ ಜಪಾನಿನ ಕ್ಯೋಟೋಗೆ ಹೋಗಿ ದಾದಿಯರ ಶಾಲೆಯನ್ನು ನಡಿಸಿದಳು.

ಆಕೆಯ ಕಡೆಯ ದುಡಿಮೆಯೇ ನಮಗೆ ಹಿರಿದೆಂದು ತೋರುತ್ತದೆ. 1899ರಿಂದ ಟಾಂಟನ್, ವುಸ್ಟರ್, ಕಲಮಜೂ ಊರುಗಳ ಮಾನಸಿಕ ಆಸ್ಪತ್ರೆಗಳಲ್ಲಿ ದಾದಿಯರನ್ನು ತರಬೇತುಗೊಳಿಸಿದಳು. ಮನಸ್ಸು ಕೆಟ್ಟವರಿಗೂ ಮೈ ಕೆಟ್ಟವರಷ್ಟೇ ಒಳ್ಳೆಯ ಶುಶ್ರೂಷೆ ಸಲ್ಲಬೇಕೆಂಬುದು ಆಕೆಯ ಮತ. ಅಂದು ಇಂಥ ರೋಗಿಗಳಿಗೆ ಕೊಡುತ್ತಿದ್ದ ಬ್ರೋಮೈಡ್ ಔಷಧವು ದೇಹದಲ್ಲಿ ದಿನೇದಿನೇ ಶೇಖರವಾಗಿ ತಾನೇ ಬುದ್ಧಿಭ್ರಮೆಯನ್ನು ತರಬಲ್ಲದು. ಕೆಡಿಸಿದ್ದು ರೋಗವೋ ಮದ್ದೋ ಎಂಬುದನ್ನು, ಕೊಟ್ಟ ಪ್ರಮಾಣವನ್ನೂ ಕಂಡ ಲಕ್ಷಣವನ್ನೂ ದಿನವಹಿ ಬರೆದಿಡದೆ ತಿಳಿಯುವುದೆಂತು? ಈಗ ಆ ದೇಶದಲ್ಲಿ ಉನ್ನತ ಶಿಕ್ಷಣ ಪಡೆದ ಮಾನಸಿಕ ಶುಶ್ರೂಷಕಿಯರು ಲಿಥಿಯಂ ಮೊದಲಾದವನ್ನು ತಾವೇ ಬರೆದುಕೊಡುವರು. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಯಿಸಿ ನೋಡುವರು.

ಆಕೆಯು 1911ರಲ್ಲಿ ನಿವೃತ್ತಳಾಗಿ, 1930ರ ಏಪ್ರಿಲಿನಲ್ಲಿ ತನ್ನ 88ನೆಯ ವಯಸ್ಸಿನಲ್ಲಿ ಬಾಸ್ಟನ್ನಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದಳು.